ನಾಲ್ಕು ದಿನ ನೀರು ಬೇಡ

ಮೊದಮೊದಲು ನಾನು ಕೊಂದವು ಹದಿನೇಳು.
ಲೆಕ್ಕ ಇದೆ, ಡ್ರೆಸಿಂಗ್ ರೂಮಿನ ರಿಜಿಸ್ಟರಿನ
ಕೊನೆಯ ಹಾಳೆಯಲ್ಲಿ, ಪೆನ್ಸಿಲಿನಲ್ಲಿ.
ಕಿತ್ತ ಕೂಡಲೇ ಮಣ್ಣಿಗೆ ಚುಚ್ಚಿ ನೀರು ಹೊಯ್ದು,
ಮಾರನೇ ಬೆಳಿಗ್ಗೆ ಹೋಗಿ ನೋಡಿ ಮತ್ತೆ ನೀರು ಹೊಯ್ದು.
ಮುಂಡಗೋಡಿನವಳು ನಾನು; ನಮ್ಮಲ್ಲಿ ಗಿಡ ಸತ್ತರೆ
ಒಣಗಿ ಸಾಯುತ್ತಿತ್ತು.
ಕಾರವಾರದಲ್ಲಿ ಕೊಳೆತು ಸಾಯುತ್ತದೆ:
ಎಲೆ ಗಾಜಿನ ಹಾಗೆ ತಿಳಿಯಾಗಿ, ಮುಟ್ಟಿದರೆ
ಬೆರಳಿಗೆ ಬರೀ ನೀರು.

ಕಲಿಸಿದವಳು ಎಸ್ಪೆರಾನ್ಸ್ ಬಾಯಿ, ಕೋಡಿಬಾಗದವಳು.
ನೆಲ ಒರೆಸುವ ಕೋಲನ್ನು ಗೋಡೆಗೆ ಆನಿಸಿ ಹೇಳಿದಳು:
"ಸಿಸ್ಟರ್, ಹಸಿ ಗಾಯಕ್ಕೆ ನೀರು ತಾಗಿಸ್ಬೇಡಿ ಅಂತ
ದಿನಕ್ಕೆ ನೂರು ಜನಕ್ಕೆ ಹೇಳ್ತೀರಿ.
ಇದಕ್ಕೆ ಯಾಕೆ ಹೇಳೂದಿಲ್ಲ?"

ಎಲೆಯನ್ನು ಎಳೆಯಬಾರದು, ಅಲುಗಿಸಬೇಕು,
ಎಡಕ್ಕೊಮ್ಮೆ ಬಲಕ್ಕೊಮ್ಮೆ, ಮಗುವಿನ ಹಾಲುಹಲ್ಲಿನ ಹಾಗೆ;
ಬುಡ ಪೂರ್ತಿ ಬರಬೇಕು, ಅರ್ಧ ಹರಿದದ್ದು ಚಿಗುರದು.
ದಂಟಾದರೆ ಬ್ಲೇಡು, ಸ್ಪಿರಿಟ್ಟಿನಲ್ಲಿ ಒರೆಸಿದ್ದು,
ಒಂದೇ ಗೀರು.
ಆಮೇಲೆ ಹಳೇ ಪೇಪರಿನ ಮೇಲೆ ಮಲಗಿಸಿ
ಮರೆತುಬಿಡಬೇಕು. ನಾಲ್ಕು ದಿನ. ಮಳೆಗಾಲದಲ್ಲಿ ಎಂಟು.
ಮರೆಯುವುದೇ ನನಗೆ ಬರಲಿಲ್ಲ ಬಹಳ ದಿನ.

ಬೈತಖೋಲದ ಮೀನಿನ ಥರ್ಮಾಕೋಲ್ ಪೆಟ್ಟಿಗೆಯೇ ಪಾತಿ,
ಎಷ್ಟು ತೊಳೆದರೂ ಬಂಗುಡೆ ವಾಸನೆ.
ಕದ್ರಾ ಕಡೆಯ ಕಾಳಿ ಮರಳು, ಕಡಲಿನದ್ದು ಬೇಡ, ಉಪ್ಪು;
ಚಿರೆಕಲ್ಲಿನ ಪುಡಿ, ಜಜ್ಜಿದ ತಿಸರೆ ಚಿಪ್ಪು,
ಗೊಬ್ಬರ ಮಾತ್ರ ಸಾರಿಗೆ ಇಂಗು ಹಾಕಿದಷ್ಟು.

ಎಲೆ ಎಲ್ಲಿಂದ ಬಂತೆಂದು ಕೇಳಬೇಡಿ.
ಕಾಜುಬಾಗದ ಹಲ್ಲಿನ ಡಾಕ್ಟರ ಕಿಟಕಿ ನನ್ನನ್ನು ಬಲ್ಲದು.
ಬ್ಯಾಂಕಿನ ಕೌಂಟರಿನ ಮೇಲಿದ್ದ ಕೆಂಪಂಚಿನದ್ದು
ಪಾಸ್‌ಬುಕ್ಕಿನೊಳಗೆ ಮಲಗಿ ಹೊರಬಂತು.
ಕೇಳಿ ತಂದದ್ದು ಚಿಗುರುವುದಿಲ್ಲ ಎನ್ನುತ್ತಾಳೆ
ಒಂದು ಭಾನುವಾರವೂ ಇಗರ್ಜಿ ತಪ್ಪಿಸದ ಎಸ್ಪೆರಾನ್ಸ್ ಬಾಯಿ.

ಸೆಪ್ಟೆಂಬರಿನಲ್ಲಿ ಪುರ್ಸು ಬಾನಾವಳಿ ಬಂದ.
ಹತ್ತೊಂಬತ್ತು ವರ್ಷ. ಎಡಗೈ ತುಂಬ ಟವೆಲು, ಟವೆಲು ತುಂಬ ಕೆಂಪು.
"ಬೋಟ ಗೆಲೆಂ" ಎಂದ.
ಬೋಟು ಹೋದರೆ ಇನ್ನೊಂದು ಬಂದೀತು ಮಾರಾಯಾ,
ಜೀವ ಉಳೀತಲ್ಲ, ಎಂದುಬಿಟ್ಟೆ.
ಅವರ ಕೊಂಕಣಿಯಲ್ಲಿ ಬೆರಳಿಗೆ ಬೋಟ.
ಬಲೆ ಎಳೆಯುವ ವಿಂಚಿನ ಹಗ್ಗ, ಉಂಗುರದ ಬೆರಳು,
ಎರಡನೇ ಗೆಣ್ಣಿನಿಂದ ಆಚೆಗೆ.
ತುಂಡು ತಂದಿರಲಿಲ್ಲ. ಕಡಲಿಗೆ ಬಿದ್ದಿತ್ತು.

ದಿನ ಬಿಟ್ಟು ದಿನ ಬರುತ್ತಿದ್ದ.
ಪಟ್ಟಿ ಬಿಚ್ಚುವಾಗ ಕೈ ನೋಡದೆ ಕಿಟಕಿ ನೋಡುತ್ತಿದ್ದ.
ಅಲ್ಲಿ ಪೇಪರಿನ ಮೇಲೆ ನನ್ನ ಐದು ಎಲೆ, ಸಾಲಾಗಿ.
"ಇವಕ್ಕೆ ಏನಾಗಿದೆ?"
"ನಿನಗಾದದ್ದೇ. ಆರಲಿ ಅಂತ ಇಟ್ಟಿದ್ದೇನೆ."
"ಆರಿದ ಮೇಲೆ?"
"ಬೇರು. ಆಮೇಲೆ ಗಿಡ."
ಸ್ವಲ್ಪ ಹೊತ್ತು ಸುಮ್ಮನಿದ್ದ.
"ಹಾಗಾದ್ರೆ ಅಲ್ಲಿ ಕಡಲಡಿ ಒಬ್ಬ ಪುರ್ಸು ಬೆಳೀತಿರಬಹುದು.
ಈಜು ಬರ್ತದೋ ಇಲ್ಲವೋ ಅವನಿಗೆ."
ನನ್ನ ಕತ್ತರಿ ಬಟ್ಟೆಯ ನಡುವೆ ನಿಂತಿತು.

ಅಕ್ಟೋಬರಿಗೆ ನಾಲ್ಕು ಎಲೆಗಳ ಬುಡದಲ್ಲಿ
ಸಾಸಿವೆಯಷ್ಟು ಚಿಗುರು, ಪಕ್ಕಕ್ಕೆ ಇನ್ನೆರಡು ಸಾಸಿವೆ.
ಹಳೆಯ ಎಲೆ ಸುಕ್ಕಾಗಿ ಒಣದ್ರಾಕ್ಷಿಯಾಗುವುದನ್ನು ಕಂಡು
ತಾಯಿ, ತ್ಯಾಗ, ಎಂದು ಹೆಡ್ ಸಿಸ್ಟರ್ ಶುರುಮಾಡಿದರು.
ಎಲೆ ಅದು ಮೇಡಂ, ಎಂದೆ. ಎಲೆಯಾಗಿಯೇ ಇರಲಿ.

ಐದನೆಯದು
ಬೇರು ಬಿಟ್ಟಿತು, ನಸುಗೆಂಪು, ಎಳೆ ಗಡ್ಡದ ಹಾಗೆ.
ಚಿಗುರಲಿಲ್ಲ.
ಅಂಥವೂ ಇರುತ್ತವೆ. ಕುರುಡೆಲೆ ಎಂದಳು ಎಸ್ಪೆರಾನ್ಸ್ ಬಾಯಿ;
ಕುಡಿಯುತ್ತದೆ, ಹಸಿರಾಗಿರುತ್ತದೆ,
ವರ್ಷ ಕಳೆದರೂ ಗಿಡವಾಗುವುದಿಲ್ಲ, ಎಸೀರಿ.

ನಾಲ್ಕು ಒಳ್ಳೆಯವನ್ನು ಮುಂದೆ ಹಿಡಿದರೂ
ಪುರ್ಸು ಅದನ್ನೇ ಕೇಳಿದ.
ಇಂಜಿನ್ ಆಯಿಲ್ ಡಬ್ಬಿಯ ಮುಚ್ಚಳದಲ್ಲಿ ಒಯ್ದ.
ಈಗ ಬೋಟಿನ ಗಾಜಿನ ಹಿಂದೆ, ಕಂಪಾಸಿನ ಪಕ್ಕ ಇದೆಯಂತೆ.

ಮೊನ್ನೆ ಮೀನುಪೇಟೆಯಲ್ಲಿ ದೂರದಿಂದಲೇ ಕೈ ಎತ್ತಿದ.
ಎಡಗೈ.
"ಚಿಗುರಿತಾ?"
"ಇಲ್ಲ."
"ನೀರು?"
"ಕೊಡೂದಿಲ್ಲ. ಏನೂ ಮಾಡೂದಿಲ್ಲ ಸಿಸ್ಟರ್ ಅದು.
ದಪ್ಪಗೆ ಇದೆ."
ಇಸ್ವಣದ ಎರಡು ತುಂಡು ನನ್ನ ಚೀಲಕ್ಕೆ ಹಾಕಿದ,
ದುಡ್ಡು ಮುಟ್ಟಲಿಲ್ಲ.