ಬಂದ ದಿನವೂ ಸೇರಿ

ಸಿದ್ದಾಪುರದ ಈಚೆ, ಆನೆ ಬೇಲಿಗೆ ತಾಗಿಕೊಂಡ ತೋಟ.
ಅಲ್ಲಿನ ರೈಟರ್ ನಾನು.
ಹೊಸ ಕಂಪನಿ ಬಂದ ಮೇಲೆ, ಚೆಕ್‌ರೋಲ್ ಪುಸ್ತಕ
ಗೆದ್ದಲಿಗೆ ಬಿಡು, ಎಲ್ಲ ಕಂಪ್ಯೂಟರಿಗೆ ಹಾಕು ಅಂದರು.
ಹಾಕಿದೆ.
ಪೈಥಾನ್ ಕಲಿತದ್ದು ರಾತ್ರಿ, ಕರೆಂಟು ಇದ್ದ ರಾತ್ರಿಗಳಲ್ಲಿ.
ಹೆಸರು ಕೇಳಿ ಮೇಸ್ತ್ರಿ ಕುಂಞಾಲಿ ನಕ್ಕಿದ್ದ:
"ತೋಟದಲ್ಲಿರುವ ಹಾವು ಸಾಲದೇ ರೈಟರೇ?"

ಕೆಲಸ ಸಣ್ಣದು. ಬಿಟ್ಟ ತಾರೀಕಿನಿಂದ ಸೇರಿದ ತಾರೀಕು ಕಳೆ.
ಎರಡರ ನಡುವೆ ಒಂದು ಅಡ್ಡಗೆರೆ, ಕಾಫಿ ಕಡ್ಡಿಯ ಚೂರಿನಷ್ಟು.
ಅದರೊಳಗೆ ಯಾರದೋ ಮೊಣಕಾಲು ಸವೆದಿರುತ್ತದೆ.

ಬೊಳ್ಳಿಯ ಸರದಿ ಬಂತು.
ಸೇರಿದ್ದು ಯಾವಾಗ?
"ಬಿದಿರು ಹೂ ಬಿಟ್ಟ ವರ್ಷ. ಬಿದಿರಕ್ಕಿ ಗಂಜಿ ಕುಡಿದೇ ಬಂದದ್ದು,
ದುಬಾರೆ ಕಡೆಯಿಂದ, ತಲೆಮೇಲೆ ಗಡಿಗೆ."
ನೋಡೋಣವೆಂದು ಹಾಗೇ ಬರೆದು ಕೊಟ್ಟೆ.
ಪರದೆ ಕೆಂಪಾಯಿತು: ಈ ನಮೂನೆ ಒಪ್ಪದು.
ಬಿದಿರಿಗೆ ಅದರಲ್ಲಿ ತಿಂಗಳಿಲ್ಲ.

ಹಳೆ ಯಜಮಾನರ ಕಾಲದ ಪುಸ್ತಕ ಸಿಗಲಿಲ್ಲ ಎಂದರು ಮ್ಯಾನೇಜರ್ ಉತ್ತಯ್ಯ.
ಕಂಪನಿ ಲೆಕ್ಕದಲ್ಲಿ ಅವಳು ಹುಟ್ಟಿದ್ದು ೩/೬, ಮಳೆ ಹಿಡಿದ ವಾರ.
ಬಿಟ್ಟದ್ದು ಐದನೇ ವರ್ಷದ ಜನವರಿ ಇಪ್ಪತ್ತೆಂಟು,
ರೊಬಸ್ಟಾ ಕುಯ್ಲಿನ ನಡುವೆ, ಸೊಂಟ ಹಿಡಿದು
ಅರ್ಧ ತುಂಬಿದ ಚೀಲದ ಪಕ್ಕ ಕೂತವಳು ಏಳಲಿಲ್ಲ.
ನಾಲ್ಕು ವರ್ಷ ತುಂಬಿದೆ. ಐದನೆಯದರಲ್ಲಿ
ಇನ್ನೂರ ನಲವತ್ತು ದಿನ ಇದ್ದರೆ ಗ್ರಾಚ್ಯುಟಿ,
ಇಲ್ಲದಿದ್ದರೆ ಟೀ ಕುಡಿದು ಹೋಗಬಹುದು.

ಮೊದಲ ಸಲ ಓಡಿಸಿದಾಗ ಮುನ್ನೂರ ಇಪ್ಪತ್ತೆಂಟು ಬಂತು.
ಕುಣಿಯಬೇಕಿತ್ತು. ಕೈ ನಿಂತಿತು.
ಪರದೇಶದ ಬುದ್ಧಿ ಅದರದು, ತಿಂಗಳನ್ನು ಮುಂದಿಟ್ಟು ಓದಿ
ಜೂನ್ ಮೂರನ್ನು ಮಾರ್ಚ್ ಆರು ಮಾಡಿ
ಕಾಫಿ ಹೂವಿನ ಮಳೆಗೇ ಅವಳನ್ನು ತೋಟಕ್ಕೆ ಸೇರಿಸಿತ್ತು.
ಎಂಬತ್ತೊಂಬತ್ತು ದಿನದ ದಾನ.
ಯಾರೂ ನೋಡುತ್ತಿರಲಿಲ್ಲ, ಗೋಡೆಯ ಹಲ್ಲಿ ಬಿಟ್ಟರೆ.
ಲೋಟದ ಕಾಫಿ ಆರುವವರೆಗೆ ಸುಮ್ಮನೆ ಕೂತೆ.
ಆಮೇಲೆ ತಿದ್ದಿದೆ.

ಇನ್ನೂರ ಮೂವತ್ತೊಂಬತ್ತು.

ಒಟ್ಟು ಎಷ್ಟೆಂದು ಕೇಳಿದೆ. ಸಾವಿರದ ಏಳುನೂರು,
ಕತ್ತರಿಸಿಟ್ಟಷ್ಟು ದುಂಡಗೆ,
ನಡುವಿನ ಫೆಬ್ರವರಿ ಇಪ್ಪತ್ತೊಂಬತ್ತನ್ನೂ ಮರೆಯದೆ.
ತಪ್ಪಿಲ್ಲ. ಎಲ್ಲೂ ತಪ್ಪಿಲ್ಲ.

ಅಂದು ರಾತ್ರಿ ಆನೆ ಬಂದು ಬೇಲಿ ನೆಲಕ್ಕೊರಗಿತು.
ಬೆಳಿಗ್ಗೆ ಕುಂಞಾಲಿ ಲೆಕ್ಕ ಬರೆಸಿದ:
"ಒಂಬತ್ತು ಅಂಕಣ ಹೋಗಿದೆ, ಕಂಬ ಹತ್ತು ಬೇಕು."
ಅಂಕಣ ಒಂಬತ್ತು. ಕಂಬ ಹತ್ತು.
ಪೆನ್ನಿನ ಮುಚ್ಚಳ ಹಾಕದೆ ಆಫೀಸಿಗೆ ಓಡಿದೆ.

ಇವತ್ತಿನಿಂದ ಇವತ್ತನ್ನೇ ಕಳೆದು ನೋಡಿದೆ.
ಸೊನ್ನೆ.
ಎಂಟಕ್ಕೆ ಬಂದು, ಕಾಲಿನ ಜಿಗಣೆ ಕಿತ್ತು, ಬುತ್ತಿ ಉಂಡು,
ಸಂಜೆ ಚೀಲ ತೂಗಿಸಿ ಹೋದವಳಿಗೆ
ಸೊನ್ನೆ.
ಅದು ಎಣಿಸುವುದು ಹಗಲನ್ನಲ್ಲ,
ಹಗಲು ಹಗಲಿನ ನಡುವೆ ಮಲಗಿದ ರಾತ್ರಿಗಳನ್ನು.
ರಾತ್ರಿಗೆ ನಾವು ಕೂಲಿ ಕೊಟ್ಟದ್ದು ಯಾವಾಗ?
ಉತ್ತಯ್ಯನವರ ಮನೆಯಲ್ಲೂ, ಹನ್ನೊಂದು ಎಣಿಸುವಾಗ,
ಹೋದ ದಿನವೇ ಒಂದು.

ಸಾಲಿನ ತುದಿಯಲ್ಲಿ ಒಂದು ಕೂಡಿಸಿದೆ.
ಪಕ್ಕದಲ್ಲಿ, ಯಂತ್ರ ಓದದೆ ದಾಟಿಹೋಗುವ ಜಾಗದಲ್ಲಿ,
ಮನುಷ್ಯರು ಓದಲೆಂದು ಬರೆದೆ:
ಬಂದ ದಿನವೂ ದಿನವೇ.

ಉತ್ತಯ್ಯ ಕನ್ನಡಕ ಹಣೆಗೇರಿಸಿ ಕೇಳಿದರು,
"ಈ ಒಂದು ಎಲ್ಲಿಂದ ಬಂತು?"
ಕಿಟಕಿಯಾಚೆ ಬೊಳ್ಳಿ, ಮೆಟ್ಟಿಲ ಮೇಲೆ,
ಹೆಬ್ಬೆರಳ ಮಸಿ ಒರೆಸಲು ಒಂದು ಎಲೆ ಹುಡುಕುತ್ತಿದ್ದಳು.