ಕಮ್ಮಾರನ ಕಿವಿ

ಗಾಂಬಿಯಾ ನದಿಯ ಉತ್ತರ ದಡದ ನಮ್ಮೂರಲ್ಲಿ
ಓಟೆಂದರೆ ಗೋಲಿ. ಕಾಗದವಲ್ಲ, ಮುದ್ರೆಯಲ್ಲ,
ಮಕ್ಕಳು ಧೂಳಲ್ಲಿ ಆಡುವಂಥದೇ ಗಾಜಿನ ಗೋಲಿ.
ಪರದೆಯ ಹಿಂದೆ ಹೋಗು. ಮೂರು ಪೀಪಾಯಿ:
ಒಂದರ ಮೇಲೆ ಆಮೆ, ಒಂದರ ಮೇಲೆ ಏಣಿ, ಒಂದರ ಮೇಲೆ ಮಡಕೆ.
ಬೇಕಾದ್ದರ ಕೊಳವೆಗೆ ಹಾಕು. ಒಳಗಿನ ಗಂಟೆ
ಒಮ್ಮೆ ಟಿಣ್ ಎಂದರೆ ಆಯಿತು.
ಎರಡು ಸಲ ಎಂದರೆ ಪೊಲೀಸು.

ಶಾಸನಸಭೆಗೆ ಒಬ್ಬನನ್ನು ಕಳಿಸುವುದು ಇಷ್ಟೇ ಕೆಲಸ.

ಪೀಪಾಯಿಗಳ ಬೆಸುಗೆ ನನ್ನದು, ಸಂಕುಂಗ್ ಕಾಂತೆಯದು.
ಗಂಟೆ ಮೂರಕ್ಕೂ ಒಂದೇ ಅಚ್ಚು, ಒಂದೇ ತೂಕ;
ಸಾಲಲ್ಲಿ ನಿಂತವರಿಗೆ ಭೇದ ತಿಳಿಯಬಾರದು,
ತಿಳಿಯುವುದೂ ಇಲ್ಲ.
ಆದರೆ ತಗಡು ಕಾಸಿದ ಕೈಗೆ ಕಿವಿಯೂ ಇರುತ್ತದಲ್ಲ.
ಆಮೆಗೆ ತಳದಲ್ಲಿ ತೇಪೆ, ಸ್ವಲ್ಪ ಕೆಮ್ಮುತ್ತದೆ.
ಏಣಿ ತೆಳು ತಗಡು, ಬೇಗ ನಗುತ್ತದೆ.
ಮಡಕೆಯದು ಹಿಂದೆ ಶೇಂಗಾ ಎಣ್ಣೆ ತುಂಬಿದ್ದ ಪೀಪಾಯಿ,
ನುಂಗಿ, ಆಮೇಲೆ ಮಾತಾಡುತ್ತದೆ.

ನನ್ನ ಕುಲುಮೆ ಶಾಲೆಯ ಎದುರಿಗೇ.
ಬೆಳಗ್ಗೆ ಸುತ್ತಿಗೆ ಎತ್ತಿದೆ, ಏನೂ ಕೇಳದಿರಲಿ ಎಂದೇ.
ಚುನಾವಣೆಯ ಹೆಣ್ಣುಮಗಳು ಓಡಿ ಬಂದಳು:
"ಇವತ್ತು ಕಬ್ಬಿಣದ ಸದ್ದು ಕೂಡದು ಅಜ್ಜಾ,
ಸೈಕಲ್ ಗಂಟೆಗಳ ಬಾಯನ್ನೇ ಕಟ್ಟಿಸಿದ್ದೇವೆ."
ಸುತ್ತಿಗೆ ಇಳಿಸಿದೆ. ಕೇಳಿತು.

ಕೆಬ್ಬಾ, ನನ್ನ ಭಾವಮೈದುನ, ಆಮೆಯವನ ಏಜೆಂಟು,
ಅಂಗಿಯ ತುಂಬ ಆಮೆ. ಒಳಗೆ ಹೋದ.
ಮಡಕೆ ನುಂಗಿತು, ಮಾತಾಡಿತು.
ಇಮಾಮರ ಎರಡನೇ ಮಗ: ಏಣಿ.
ದೋಣಿಗಳ ಧಣಿಗೆ ಸಾಲ ತೀರಿಸಬೇಕಾದ ಹದಿಮೂರು ಮಂದಿ
ಅವನ ಕಣ್ಣೆದುರೇ ಒಬ್ಬೊಬ್ಬರಾಗಿ ಒಳಹೋದರು;
ಅವನು ಹೇಳಿಕೊಟ್ಟ ಆಮೆ ಒಮ್ಮೆಯೂ ಕೆಮ್ಮಲಿಲ್ಲ.
ಹೊರಬಂದು ಅವನಿಗೇ ಸಲಾಂ ಹೇಳಿದರು.
ನನಗೆ ನಗು ಬಂತು. ಆಮೇಲೆ ಭಯ.

ಮಾಬಿಂತು ಬಂದಳು. ಮೂವತ್ತೊಂದು ವರ್ಷದ ಸಂಸಾರ,
ಅವಳ ಹೆಜ್ಜೆಯ ಸದ್ದನ್ನೂ ಬಲ್ಲೆ.
ಎರಡೂ ಕಿವಿಗೆ ಬೆರಳು ತುರುಕಿ
ಎದುರಿಗಿದ್ದ ಮೊಳೆಗಳನ್ನು ಜೋರಾಗಿ ಎಣಿಸಿದೆ,
ಇಪ್ಪತ್ತರವರೆಗೆ, ಮತ್ತೊಮ್ಮೆ ಇಪ್ಪತ್ತರವರೆಗೆ.
ಬೆರಳು ತೆಗೆದಾಗ ಅವಳು ಬಿಸಿಲಲ್ಲಿ ನಿಂತು
ಉಗುರಿನ ಮಸಿಯನ್ನು ಸೆರಗಿಗೆ ಒರೆಸಲು ನೋಡುತ್ತಿದ್ದಳು.

ಅಲ್ಲಿಂದ ಎದ್ದವನು ನದಿಯವರೆಗೂ ನಡೆದೆ.
ಐದಕ್ಕೆ ಹತ್ತು ನಿಮಿಷ ಇರುವಾಗ ಮರಳಿ ಬಂದು
ನನ್ನ ಗೋಲಿ ಹಾಕಿದೆ; ಯಾವುದಕ್ಕೆಂದು
ನಿಮಗೂ ಹೇಳುವುದಿಲ್ಲ.

ರಾತ್ರಿ ಲಾಟೀನಿನ ಕೆಳಗೆ ಗೋಲಿಗಳನ್ನು ಸುರಿದರು,
ತೂತಿನ ಹಲಗೆಗಳಲ್ಲಿ ಒಂದೊಂದಾಗಿ ಕೂರಿಸಿದರು.
ಕೆಬ್ಬಾ ನನ್ನ ತೋಳು ಹಿಡಿದು ಪಕ್ಕಕ್ಕೆ ಎಳೆದ:
"ನಿನ್ನ ಕಿವಿ ಚೂಪು ಅಂತಾರೆ. ಏನಾದರೂ ಕೇಳಿಸಿತೇ?"
"ಎಲ್ಲಿಂದ ಬರಬೇಕು," ಅಂದೆ, "ಸುತ್ತಿಗೆಯ ಕಸುಬು.
ನಮ್ಮ ಕುಲದಲ್ಲಿ ಎಲ್ಲರೂ ಕಿವುಡರೇ."