ನಡಾವಳಿ

ಮಂಡ್ಯದಿಂದ ಬಂದ ಅಬಕಾರಿಯವರು
ಸ್ಕೂಲ್ ಗೇಟಿಂದ ಬ್ರಾಂದಿ ಅಂಗಡಿಯ ಶಟರಿನವರೆಗೆ
ಟೇಪು ಹಿಡಿದರು:
ನೂರಾ ನಾಲ್ಕು ಮೀಟರ್. ಕಾನೂನಿಗೆ ಸರಿ.
‘ಆಕ್ಷೇಪಣೆ ಇದ್ದರೆ ಕೈ ಎತ್ತಿ.’

ಬೋಂಡದ ಜವರಾಯಿ ಜಮಖಾನ ನೋಡುತ್ತ ಕೂತಳು.
ಅವಳ ಸಂಜೆ ಗಿರಾಕಿಯೆಲ್ಲ ಅಲ್ಲಿಂದಲೇ.

ಎದ್ದವಳು ಚಿಕ್ಕತಾಯಿ:
‘ಸ್ವಾಮಿ, ಅಂಗ್ಡಿಯಿಂದ ನಮ್ಮನೆಗೆ
ಹೊತ್ತಾರೆ ಮುನ್ನೂರು ಹೆಜ್ಜೆ.
ರಾತ್ರಿ ಅವ್ನಿಗೆ ಒಂಬೈನೂರು,
ನಾಲೆ ಏರಿ ಮೇಲೆ ಕೆಲವು
ನಾಲೆ ಒಳಗೆ ಕೆಲವು.
ಕದ ತೆಗೆಯೋಳು ನಾನು, ಎಣಿಸಿವ್ನಿ.
ನಿಮ್ ಟೇಪು ಅಷ್ಟುದ್ದ ಬತ್ತದಾ?’

ಹಿಂದೆ ಯಾರೋ ನಕ್ಕರು.
ಜವರಾಯಿಯ ಕೈ ಅರ್ಧ ಎದ್ದು
ಸೆರಗು ಸರಿಮಾಡಿತು.

ಗುಮಾಸ್ತ ‘ದೂರು’ ಬರೆಯಹೋಗಿ
ಕೊನೆಯ ಕೊಂಬು ಮರೆತ.
ನಡಾವಳಿ ಪುಸ್ತಕದಲ್ಲಿ ಈಗಲೂ
ಚಿಕ್ಕತಾಯಿಯ ಹೆಸರಿನ ಮುಂದೆ
ಬರೀ ‘ದೂರ’.